ಏಳನೇ ತರಗತಿಯ ಮಗನನ್ನು ಶಾಲೆ ಬಿಡಿಸಿ ಮನೆಯಲ್ಲೇ ಕಲಿಸಬಹುದೇ? ಮಾಡಿ ನೋಡಿದವರು ಹೇಳಿ

ಕಟಪಾಡಿಯ ತಾಯಿ (ಜುಲೈ 6)

ಇಲ್ಲಿ ಎಲ್ಲರೂ ಬರೆಯುವುದನ್ನು ಓದುತ್ತಾ ಬಂದವಳು, ನಾನಾಗಿ ಬರೆಯುತ್ತಿರುವುದು ಇದೇ ಮೊದಲು. ಮಗನಿಗೆ ಹನ್ನೆರಡು ವರ್ಷ. ಉಡುಪಿಯ ಒಂದು ಸಿಬಿಎಸ್‌ಇ ಇಂಗ್ಲಿಷ್ ಮಾಧ್ಯಮ ಶಾಲೆಯಲ್ಲಿ ಏಳನೇ ತರಗತಿ. ಬೆಳಿಗ್ಗೆ 7.10ಕ್ಕೆ ವ್ಯಾನು, ಮನೆಗೆ ಬರುವಾಗ ಐದು ಗಂಟೆ. ಹೋದ ವರ್ಷದಿಂದ ಅವನಿಗೆ ಹೊಟ್ಟೆನೋವು. ಹೆಚ್ಚಾಗಿ ಸೋಮವಾರ. ಸ್ಕ್ಯಾನಿಂಗ್ ಆಯಿತು, ರಕ್ತ ಪರೀಕ್ಷೆ ಆಯಿತು, ಹುಳದ ಮದ್ದು ಆಯಿತು, ದೃಷ್ಟಿ ತೆಗೆದದ್ದೂ ಆಯಿತು. ಭಾನುವಾರ ಸಂಜೆ ಆರರ ನಂತರ ಅವನು ಮಾತು ಕಡಿಮೆ ಮಾಡುತ್ತಾನೆ. ಅದನ್ನು ನೋಡಲಾಗುವುದಿಲ್ಲ.

ನಾನು ಸಹಕಾರಿ ಸಂಘವೊಂದರಲ್ಲಿ ಗುಮಾಸ್ತೆ. ಗಂಡ ಮಸ್ಕತ್‌ನಲ್ಲಿದ್ದಾರೆ. ಮನೆಯಲ್ಲಿ ಅತ್ತೆ ಇದ್ದಾರೆ. ಕೆಲಸ ಬಿಟ್ಟು ನಾನೇ ಮನೆಯಲ್ಲಿ ಕಲಿಸಿದರೆ ಹೇಗೆ ಎಂದು ಮಾತೆತ್ತಿದ್ದಕ್ಕೆ ಅತ್ತೆ ಕೇಳಿದ ಪ್ರಶ್ನೆ ಒಂದೇ: "ಶಾಲೆ ಬಿಡಿಸಿ ಬೊಂಬಾಯಿಗೆ ಲೋಟ ತೊಳೆಯಲು ಕಳುಹಿಸುವುದಾ?" ಅವರ ಕಾಲದಲ್ಲಿ ಊರಿನ ಹುಡುಗರು ಶಾಲೆ ಬಿಟ್ಟರೆ ಮುಂದಿನ ನಿಲ್ದಾಣ ಬೊಂಬಾಯಿಯ ಹೋಟೆಲು. ಅವರನ್ನು ದೂರಿ ಪ್ರಯೋಜನವಿಲ್ಲ.

ಇದು ಕಾನೂನಿಗೆ ಸರಿಯೇ? ಮುಂದೆ ಹತ್ತನೆಯ ಪರೀಕ್ಷೆ ಹೇಗೆ? ಆಗಲಿಲ್ಲವೆಂದರೆ ಮರಳಿ ಶಾಲೆಗೆ ಸೇರಿಸಿಕೊಳ್ಳುತ್ತಾರೆಯೇ?

ಬ್ರಹ್ಮಾವರದ ಅಂಗಡಿಯವ

ಅಕ್ಕ, ಏಳನೆಯದರಲ್ಲಿ ನಮಗೂ ಸೋಮವಾರ ಹೊಟ್ಟೆ ನೋಯುತ್ತಿತ್ತು. ಗಣಿತದ ಮಾಸ್ಟ್ರು ವರ್ಗವಾಗಿ ಹೋದ ಮೇಲೆ ಗುಣವಾಯಿತು.

ಕಾರ್ಕಳದ ನಿವೃತ್ತ ಮಾಸ್ಟರ್

ಮೂವತ್ತನಾಲ್ಕು ವರ್ಷ ಹಿರಿಯ ಪ್ರಾಥಮಿಕ ಶಾಲೆಗಳಲ್ಲಿ ಕಲಿಸಿದವನು, ಕೊನೆಯ ಒಂಬತ್ತು ವರ್ಷ ಮುಖ್ಯೋಪಾಧ್ಯಾಯ. ಶಾಲೆ ಬಿಡಿಸುವ ಮಾತು ಕೇಳಿದರೆ ಈಗಲೂ ಎದೆ ಒಮ್ಮೆ ಧಸಕ್ಕೆನ್ನುತ್ತದೆ. ಬಿಟ್ಟ ಮಕ್ಕಳನ್ನು ಹುಡುಕಿಕೊಂಡು ಗದ್ದೆ, ಗೇರುಬೀಜದ ಕಾರ್ಖಾನೆಯೆಂದು ಸುತ್ತಿದವನು ನಾನು. ಆದ್ದರಿಂದ ನನ್ನ ಮಾತಿನಲ್ಲಿ ಸ್ವಲ್ಪ ಪಕ್ಷಪಾತ ಇದ್ದೀತು, ಸೋಸಿಕೊಂಡು ಓದಿ.

ಕಾನೂನಿನ ಮಾತು. 2009ರ ಶಿಕ್ಷಣ ಹಕ್ಕು ಕಾಯ್ದೆ 2010ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ಆರರಿಂದ ಹದಿನಾಲ್ಕು ವರ್ಷದ ಮಕ್ಕಳಿಗೆ ಅನ್ವಯ. ಮಗುವನ್ನು ಶಾಲೆಗೆ ಸೇರಿಸುವುದು ಪೋಷಕರ ಕರ್ತವ್ಯ ಎಂದು ಅದರ 10ನೇ ಕಲಮು ಹೇಳುತ್ತದೆ. ಸೇರಿಸದಿದ್ದರೆ ಪೋಷಕರಿಗೆ ಇಂಥ ಶಿಕ್ಷೆ ಎಂದು ಮಾತ್ರ ಎಲ್ಲಿಯೂ ಹೇಳಿಲ್ಲ. ಮನೆ ಶಿಕ್ಷಣವೆಂಬ ಮಾತೇ ಕಾಯ್ದೆಯಲ್ಲಿಲ್ಲ. ಒಪ್ಪಿಗೆಯೂ ಇಲ್ಲ, ನಿಷೇಧವೂ ಇಲ್ಲ. ಸ್ವಂತ ಇಚ್ಛೆಯಿಂದ ಮನೆಯಲ್ಲಿ ಕಲಿಸುವ ಪೋಷಕರು ಹಾಗೆಯೇ ಮುಂದುವರಿಯಬಹುದು, ಕಾಯ್ದೆ ಅದಕ್ಕೆ ಅಡ್ಡಬರುವುದಿಲ್ಲ ಎಂದು 2012ರಲ್ಲಿ ಕೇಂದ್ರ ಸರ್ಕಾರ ದೆಹಲಿ ಹೈಕೋರ್ಟಿಗೆ ಪ್ರಮಾಣಪತ್ರ (ಅಫಿಡವಿಟ್) ಸಲ್ಲಿಸಿತ್ತು. ಪ್ರಮಾಣಪತ್ರದ ತೂಕ ಕಾಯ್ದೆಗಿಂತ ಕಡಿಮೆ. ನೆನಪಿರಲಿ.

ಇನ್ನು ಊರಿನಲ್ಲಿ ಆಗುವುದೇನೆಂದರೆ, ನಿಮ್ಮ ಮಗನಿಗೆ ಎಸ್‌ಎಟಿಎಸ್ ಸಂಖ್ಯೆ ಇರುತ್ತದೆ, ಅಂದರೆ ಶಿಕ್ಷಣ ಇಲಾಖೆ ಪ್ರತಿ ವಿದ್ಯಾರ್ಥಿಗೂ ಕೊಡುವ ಗುರುತಿನ ಸಂಖ್ಯೆ. ಟಿಸಿ ತೆಗೆದುಕೊಂಡು ಬೇರೆಲ್ಲಿಯೂ ಸೇರಿಸದಿದ್ದರೆ ಆ ಸಂಖ್ಯೆ ತೇಲುತ್ತಾ ಉಳಿಯುತ್ತದೆ. ಒಂದು ದಿನ ಸಿಆರ್‌ಪಿ (ಇಲಾಖೆಯ ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿ) ನಿಮ್ಮ ಅಂಗಳದಲ್ಲಿ ನಿಂತು "ಹುಡುಗ ಎಲ್ಲಿ?" ಎಂದು ಕೇಳಬಹುದು. ಹೆದರಬೇಡಿ, ಅದು ಅವರ ಕೆಲಸ. ನಾನಾಗಿದ್ದರೂ ಬರುತ್ತಿದ್ದೆ. ಒಳಗೆ ಕರೆದು ಒಂದು ಲೋಟ ಚಹಾ ಕೊಟ್ಟು, ಮಗ ಏನು ಕಲಿಯುತ್ತಿದ್ದಾನೆಂದು ಪುಸ್ತಕ ತೋರಿಸಿ. ಬಾಗಿಲ ಹಿಂದೆ ಅಡಗಿದರೆ ಮಾತ್ರ ಕಷ್ಟ.

ಮರಳಿ ಸೇರಿಸುವ ವಿಷಯ. ಎಂಟನೇ ತರಗತಿಯವರೆಗೆ ದಾರಿ ಸುಲಭ. ಅದೇ ಕಾಯ್ದೆಯ 4ನೇ ಕಲಮಿನ ಪ್ರಕಾರ ವಯಸ್ಸಿಗೆ ತಕ್ಕ ತರಗತಿಗೆ ಸೇರಿಸಿಕೊಳ್ಳಬೇಕು. ಟಿಸಿ ತಡವಾಯಿತೆಂದು ಪ್ರವೇಶ ನಿರಾಕರಿಸುವಂತಿಲ್ಲ. ಟಿಸಿ ಕೊಡಲು ಸತಾಯಿಸಿದ ಮುಖ್ಯೋಪಾಧ್ಯಾಯರ ಮೇಲೆ ಶಿಸ್ತು ಕ್ರಮಕ್ಕೂ ಅವಕಾಶವಿದೆ. ಒಂಬತ್ತರಲ್ಲಿ ಬಾಗಿಲು ಕಿರಿದಾಗುತ್ತದೆ, ಏಕೆಂದರೆ ಸಿಬಿಎಸ್‌ಇಯವರು ಮಾನ್ಯತೆ ಪಡೆದ ಶಾಲೆಯಲ್ಲಿ ಎಂಟನೆಯದು ಮುಗಿಸಿದ ದಾಖಲೆ ಕೇಳುತ್ತಾರೆ. ಹತ್ತಕ್ಕೆ ನೇರವಾಗಿ ನುಗ್ಗುವುದಂತೂ ಆಗದ ಮಾತು. ಹಾಗಾಗಿ ತಂಗಿ, ನಿಮ್ಮ ಮಗನ ಬಳಿ ತಪ್ಪು ಮಾಡಿ ತಿದ್ದಿಕೊಳ್ಳಲು ಒಂದೂವರೆ ವರ್ಷ ಇದೆ. ಮಾಡುವುದಾದರೆ ಈಗ, ಇಲ್ಲವೇ ಪಿಯು ಮುಗಿದ ಮೇಲೆ.

ಕಡೆಯ ಮಾತು ತಮಾಷೆ. ಹುಡುಗ ಮನೆಯಲ್ಲೇ ಇದ್ದರೆ ಜುಲೈಯಲ್ಲಿ ಮಳೆಗೆಂದು ಡಿಸಿ ರಜೆ ಕೊಟ್ಟಾಗ ಕುಣಿಯುವ ಸುಖವೊಂದು ತಪ್ಪುತ್ತದೆ.

ಕದ್ರಿಯ ಅಪ್ಪ

ನಮ್ಮ ಮಗಳನ್ನು ಆರನೆಯದು ಮುಗಿದ ಮೇಲೆ ಬಿಡಿಸಿದೆವು. ಈಗ ಅವಳಿಗೆ ಹದಿನೈದು. ಕಳೆದ ಅಕ್ಟೋಬರ್ ಸರದಿಯಲ್ಲಿ ಎನ್‌ಐಒಎಸ್‌ನ (ರಾಷ್ಟ್ರೀಯ ಮುಕ್ತ ಶಾಲೆ) ಹತ್ತನೆಯ ಮೂರು ವಿಷಯ ಬರೆದಳು, ಏಪ್ರಿಲ್ ಸರದಿಯಲ್ಲಿ ಉಳಿದ ಎರಡು. ಮಾಸ್ಟ್ರು ಹೇಳಿದ ಕಾನೂನಿನ ಭಾಗಕ್ಕೆ ಸೇರಿಸುವುದು ಹೆಚ್ಚಿಲ್ಲ, ಪರೀಕ್ಷೆಯ ಭಾಗ ಮಾತ್ರ ಹೇಳುತ್ತೇನೆ.

ಎನ್‌ಐಒಎಸ್ ಕೇಂದ್ರ ಸರ್ಕಾರದ ಸಂಸ್ಥೆ, 1989ರಿಂದ ಇದೆ. ಅದರ ಮುಕ್ತ ಮೂಲ ಶಿಕ್ಷಣದ ಸಿ ಹಂತ ಎಂಟನೇ ತರಗತಿಗೆ ಸಮ. ಹತ್ತನೆಯದಕ್ಕೆ ಹದಿನಾಲ್ಕು ವರ್ಷ ತುಂಬಿರಬೇಕು. ಕನಿಷ್ಠ ಐದು ವಿಷಯ, ಅದರಲ್ಲಿ ಒಂದಾದರೂ ಭಾಷೆ. ಗಣಿತ, ವಿಜ್ಞಾನವನ್ನೇ ತೆಗೆದುಕೊಳ್ಳಬೇಕೆಂಬ ಕಟ್ಟುಪಾಡಿಲ್ಲ. ಚಿತ್ರಕಲೆ, ಗೃಹವಿಜ್ಞಾನ, ಡೇಟಾ ಎಂಟ್ರಿಯಂಥವೂ ಇವೆ. ಆದರೆ ಪಿಯುವಿನಲ್ಲಿ ವಿಜ್ಞಾನಕ್ಕೆ ಹೋಗುವ ಆಸೆಯಿದ್ದರೆ ಅವೆರಡನ್ನು ಬಿಡುವುದು ಮೂರ್ಖತನ. ಪಾಸಾಗಲು 33 ಅಂಕ. ಒಮ್ಮೆ ಹೆಸರು ನೋಂದಾಯಿಸಿದರೆ ಐದು ವರ್ಷದೊಳಗೆ ಒಂಬತ್ತು ಅವಕಾಶ. ಎರಡೆರಡು ವಿಷಯವಾಗಿ ಬರೆದು ಮುಗಿಸಬಹುದು ಎಂಬುದೇ ನಮಗೆ ದೊಡ್ಡ ನೆಮ್ಮದಿಯಾಗಿತ್ತು.

ಈಗ ಯಾರೂ ಮುಂಚೆ ಹೇಳದ ಭಾಗ. ಮೊದಲ ನಾಲ್ಕು ತಿಂಗಳು ನಾನು ಮನೆಯಲ್ಲೇ ಒಂದು ಕೆಟ್ಟ ಶಾಲೆ ನಡೆಸಿದೆ. ಗೋಡೆಗೆ ವೇಳಾಪಟ್ಟಿ, 9ರಿಂದ 9.45 ಗಣಿತ, ನಡುವೆ ಹತ್ತು ನಿಮಿಷ ಬಿಡುವು. ನನ್ನ ವೃತ್ತಿ ಇಂಜಿನಿಯರಿಂಗ್, ಭಿನ್ನರಾಶಿ ಹೇಳಿಕೊಡಲು ಬಾರದೆ ಇರುತ್ತದೆಯೇ ಎಂಬ ಹಮ್ಮು ಬೇರೆ. ಒಂದು ದಿನ ಅವಳು ಪುಸ್ತಕ ಮುಚ್ಚಿ, "ಅಪ್ಪ, ನೀವು ಅಪ್ಪನಾಗಿಯೇ ಇರಿ, ಗಣಿತಕ್ಕೆ ಬೇರೆಯವರನ್ನು ಹುಡುಕಿ" ಎಂದಳು. ಹುಡುಕಿದೆ. ಕದ್ರಿ ಕಂಬಳದ ಬಳಿ ಒಬ್ಬರು ನಿವೃತ್ತ ಟೀಚರ್, ವಾರಕ್ಕೆ ಮೂರು ದಿನ. ಜಗಳ ನಿಂತಿತು.

ಚೆನ್ನಾಗಿ ಆದದ್ದನ್ನೂ ಹೇಳಬೇಕು. ನಮ್ಮ ಹಳೆಯ ಮನೆಯ ಮಾಡು ಬಿಚ್ಚುವಾಗ ಹಂಚುಗಳ ಹಿಂದೆ ಬೇರೆಬೇರೆ ಕಾರ್ಖಾನೆಯ ಮುದ್ರೆಗಳು ಕಂಡವು. ಅವಳು ಒಂದೊಂದನ್ನೂ ಇದ್ದಿಲಿನಲ್ಲಿ ಕಾಗದದ ಮೇಲೆ ಉಜ್ಜಿ ತೆಗೆದಳು. ಅಲ್ಲಿಂದ 1865ರಲ್ಲಿ ಬಾಸೆಲ್ ಮಿಷನ್ ಜೆಪ್ಪುವಿನಲ್ಲಿ ಹಾಕಿದ ಹಂಚಿನ ಕಾರ್ಖಾನೆ, ಅಲ್ಲಿಂದ ನೇತ್ರಾವತಿಯ ಆವೆಮಣ್ಣು, ಅಲ್ಲಿಂದ ಬಲ್ಮಠದ ಮುದ್ರಣಾಲಯ, 1843ರಲ್ಲಿ ಕಲ್ಲಚ್ಚಿನಲ್ಲಿ ಬಂದ ಮಂಗಳೂರ ಸಮಾಚಾರ. ಎರಡು ತಿಂಗಳು ಇದೇ. ಇತಿಹಾಸ, ಸ್ವಲ್ಪ ರಸಾಯನಶಾಸ್ತ್ರ, ಸ್ವಲ್ಪ ವ್ಯಾಪಾರ. ಮಳೆಗಾಲದಲ್ಲಿ ಬಾಟಲಿ ಕತ್ತರಿಸಿ ಮಳೆಮಾಪಕ ಮಾಡಿ ಟೆರೇಸಿನಲ್ಲಿ ಇಟ್ಟಳು, ಈಗಲೂ ಇದೆ. ನಮ್ಮ ಕರಾವಳಿಯಲ್ಲಿ ವರ್ಷಕ್ಕೆ ನಾಲ್ಕು ಸಾವಿರ ಮಿಲಿಮೀಟರ್ ಆಸುಪಾಸು ಬೀಳುತ್ತದೆಂದು ಪುಸ್ತಕದಲ್ಲಿ ಓದುವುದು ಬೇರೆ, ಅದನ್ನು ದಿನಾ ಬೆಳಿಗ್ಗೆ ಎಂಟೂವರೆಗೆ ಕೊಡೆ ಹಿಡಿದು ಅಳೆದು ಚೆಲ್ಲುವುದು ಬೇರೆ.

ಕೆಟ್ಟದ್ದು: ಕನ್ನಡ ಬರವಣಿಗೆ ಹಿಂದೆ ಬಿತ್ತು. ಹಿಂದಿ ಸಂಪೂರ್ಣ ಮರೆತುಹೋಯಿತು. ಒಂದಿಡೀ ವರ್ಷ ಜೀವವಿಜ್ಞಾನವನ್ನು ಮುಟ್ಟಲೇ ಇಲ್ಲ, ಯಾಕೆಂದರೆ ಅವಳಿಗೂ ಬೇಡ, ನನಗೂ ಬೇಡ. ಆಮೇಲೆ ಅದನ್ನು ತುಂಬಲು ಬೇಸಿಗೆ ರಜೆಯೇ ಹೋಯಿತು.

ಕುಂದಾಪುರದ ಕೃಷಿಕ

ನಾವು ಮಾಡಿ ಬಿಟ್ಟವರು. ಐದು ತಿಂಗಳು.

ಮಗ ಆಗ ಆರನೆಯದು. ತೋಟ ಇದೆ, ಹಟ್ಟಿ ಇದೆ, ಪ್ರಕೃತಿಯೇ ಪಾಠಶಾಲೆ ಎಂದು ನಾನೇ ಭಾಷಣ ಮಾಡಿ ಬಿಡಿಸಿದ್ದು. ಕಲಿಸಿದ್ದು ಯಾರು? ಹೆಂಡತಿ. ಅಡುಗೆ ಅವಳದ್ದು, ಹಾಲು ಕರೆಯುವುದು ಅವಳದ್ದು, ಅಮ್ಮನ ಮಾತ್ರೆ ಅವಳದ್ದು, ಮೇಲಿಂದ ಸಮಾಜ ವಿಜ್ಞಾನವೂ ಅವಳದ್ದು. ನಾನು ಸಂಜೆ ಕಾಫಿ ಕುಡಿಯುತ್ತಾ "ಇವತ್ತು ಏನು ಕಲಿತೆ?" ಎಂದು ಕೇಳುವ ಇನ್‌ಸ್ಪೆಕ್ಟರ್. ಅಡಿಕೆ ಕೊಯ್ಲು ಶುರುವಾದ ಮೇಲೆ ಹುಡುಗನ ಕೈಗೆ ಮೊಬೈಲ್ ಸಿಕ್ಕಿತು. ಬೆಳಿಗ್ಗೆ ಹನ್ನೊಂದಕ್ಕೆ ಅವನು ಎಲ್ಲಿ, ಏನು ಮಾಡುತ್ತಿದ್ದಾನೆಂದು ಮನೆಯಲ್ಲಿ ಒಬ್ಬರಿಗೂ ಗೊತ್ತಿರಲಿಲ್ಲ. ಡಿಸೆಂಬರಿನಲ್ಲಿ ಹೆಂಡತಿ ಸೊಂಟ ಹಿಡಿದು ಮಲಗಿದಳು. ಜನವರಿಯಲ್ಲಿ ಅದೇ ಶಾಲೆಗೆ ಹೋಗಿ ಕೈಮುಗಿದೆ. ಸೇರಿಸಿಕೊಂಡರು, ಏನೂ ಕೇಳಲಿಲ್ಲ. ಒಳ್ಳೆಯವರು.

ತಂಗಿ, ಕೆಲಸ ಬಿಡುತ್ತೇನೆ ಎಂದಿರಲ್ಲ, ಅದಕ್ಕೇ ಇದನ್ನೆಲ್ಲ ಬರೆದೆ. ಗಂಡ ಮಸ್ಕತ್‌ನಲ್ಲಿ. ಮೂರನೇ ತಿಂಗಳಲ್ಲಿ ನಿಮಗೆ ಜ್ವರ ಬಂದರೆ ಯಾರು?

ಕಟಪಾಡಿಯ ತಾಯಿ

ಎಲ್ಲರ ಉತ್ತರವನ್ನೂ ರಾತ್ರಿ ಕುಳಿತು ಎರಡೆರಡು ಸಲ ಓದಿದೆ. ಕುಂದಾಪುರದ ಅಣ್ಣ, ನಿಮ್ಮ ಪ್ರಶ್ನೆಗೆ ನನ್ನ ಬಳಿ ಉತ್ತರ ಇಲ್ಲ.

ಸಿಆರ್‌ಪಿ ಬಂದರೆ ಚಹಾ ಕೊಡಿ ಎಂದದ್ದನ್ನು ಅತ್ತೆಗೆ ಓದಿ ಹೇಳಿದೆ. "ಮಾಸ್ಟ್ರು ಸಜ್ಜನರು" ಎಂದರು. ಇಷ್ಟು ದಿನದಲ್ಲಿ ಈ ವಿಷಯಕ್ಕೆ ಅವರು ನಕ್ಕದ್ದು ಅದೇ ಮೊದಲು.

ಪರ್ಕಳದ ಟೀಚರ್

ನಾನು ಕಲಿಕೆಯಲ್ಲಿ ತೊಡಕಿರುವ ಮಕ್ಕಳೊಂದಿಗೆ ಕೆಲಸ ಮಾಡುವವಳು. ಉತ್ತರ ಕೊಡುವ ಮೊದಲು ಕೆಲವು ಪ್ರಶ್ನೆ ಕೇಳಬೇಕು. ಸೋಮವಾರವೇ ಯಾಕೆ? ಸೋಮವಾರದ ಮೊದಲ ಅವಧಿ ಯಾವುದು? ಅವನು ಬಾಯಲ್ಲಿ ಹೇಳುವುದಕ್ಕೂ ಕಾಗದದಲ್ಲಿ ಬರೆಯುವುದಕ್ಕೂ ಅಂತರ ಇದೆಯೇ? ನೋಟ್ಸು ಪೂರ್ತಿ ಮಾಡುತ್ತಾನೆಯೇ? ಬೂಟಿನ ಲೇಸು, ಅಂಗಿಯ ಗುಂಡಿ ಹಾಕಲು ಚಿಕ್ಕಂದಿನಲ್ಲಿ ತಡವಾಗಿತ್ತೇ?

ಅವನನ್ನೇ ಕೇಳಿ. ಎದುರು ಕೂರಿಸಿ ಕೇಳಬೇಡಿ. ಪಾತ್ರೆ ತೊಳೆಯುವಾಗಲೋ ಬಸ್ಸಿನಲ್ಲಿ ಪಕ್ಕದಲ್ಲಿ ಕುಳಿತಾಗಲೋ ಕೇಳಿ. ಮುಖ ನೋಡುವ ಹಂಗಿಲ್ಲದಿದ್ದರೆ ಈ ವಯಸ್ಸಿನ ಗಂಡುಮಕ್ಕಳು ಬಾಯಿಬಿಡುತ್ತಾರೆ.

ಕಟಪಾಡಿಯ ತಾಯಿ (ಜುಲೈ 11)

ಟೀಚರ್, ನಿಮಗೆ ಹೇಗೆ ಗೊತ್ತಾಯಿತು?

ನಿನ್ನೆ ಮಳೆಗೆ ರಜೆ ಇತ್ತು. ಹಲಸಿನ ಬೀಜದ ಸಿಪ್ಪೆ ತೆಗೆಯುತ್ತಾ ಕುಳಿತಿದ್ದೆವು. ಕೇಳಿದೆ. ಮೊದಲು ಏನೂ ಇಲ್ಲ ಎಂದ. ಆಮೇಲೆ ಹತ್ತು ಬೀಜ ಆಗುವಷ್ಟರಲ್ಲಿ ಒಂದೊಂದಾಗಿ ಬಂತು. ಸೋಮವಾರ ಮೊದಲ ಎರಡು ಅವಧಿ ನೋಟ್ಸು ತಿದ್ದುವುದು. ಬೋರ್ಡಿನಿಂದ ಬರೆದುಕೊಳ್ಳುವುದು ಇವನಿಗೆ ಮುಗಿಯುವುದೇ ಇಲ್ಲವಂತೆ, ಅಷ್ಟರಲ್ಲಿ ಅಳಿಸಿಬಿಡುತ್ತಾರಂತೆ. ಮುಗಿಸದವರು ಆಟದ ಅವಧಿಯಲ್ಲಿ ತರಗತಿಯಲ್ಲೇ ಕುಳಿತು ಮುಗಿಸಬೇಕು. ಜೂನ್‌ನಿಂದ ಇವನು ಮೈದಾನಕ್ಕೆ ಇಳಿದದ್ದು ಎರಡು ಸಲ. ಕೈಬೆರಳು ನೋಯುತ್ತದೆ ಎಂದರೆ ನಾಟಕ ಎನ್ನುತ್ತಾರಂತೆ.

ಇನ್ನೊಂದು ವಿಷಯ. ತರಗತಿಯಲ್ಲಿ ತುಳು ಮಾತನಾಡಿದರೆ ಹತ್ತು ರೂಪಾಯಿ ದಂಡ, ಬೋರ್ಡಿನ ಮೂಲೆಯಲ್ಲಿ ಹೆಸರು. ಇವನು ಅಜ್ಜಿಯ ಹತ್ತಿರ ಬೆಳೆದವನು, ಗಾಬರಿಯಾದರೆ ತುಳುವೇ ಬಾಯಿಗೆ ಬರುತ್ತದೆ. ಮಜ್ಜಿಗೆಗೆಂದು ನಾನು ಕೊಟ್ಟ ಹಣದಲ್ಲಿ ದಂಡ ಕಟ್ಟುತ್ತಿದ್ದನಂತೆ. ನನಗೆ ಇದು ಒಂದು ವರ್ಷದಿಂದ ಗೊತ್ತಿಲ್ಲ! ಸ್ಕ್ಯಾನಿಂಗಿಗೆ ಕರೆದುಕೊಂಡು ಹೋದವಳಿಗೆ ಕೇಳಬೇಕೆಂದು ಹೊಳೆಯಲಿಲ್ಲ.

ಬಾಯಲ್ಲಿ ಕೇಳಿದರೆ ಇಡೀ ಪಾಠ ಹೇಳುತ್ತಾನೆ. ಬರೆದದ್ದು ನೋಡಿದರೆ ಮೂರನೆಯ ತರಗತಿಯ ಮಗು ಬರೆದಂತಿದೆ. ಲೇಸು ಕಟ್ಟಲು ಕಲಿತದ್ದು ಒಂಬತ್ತು ವರ್ಷಕ್ಕೆ.

ಪರ್ಕಳದ ಟೀಚರ್

ಗೊತ್ತಾದದ್ದು ಮಾಯದಿಂದಲ್ಲ. ಇಂಥ ಸೋಮವಾರಗಳನ್ನು ಬಹಳ ನೋಡಿದ್ದೇನೆ.

ಬರವಣಿಗೆಯ ತೊಡಕೇ ಎಂದು ನಾನು ಇಲ್ಲಿಂದ ಹೇಳುವಂತಿಲ್ಲ, ಹೇಳಲೂಬಾರದು. ಮನಃಶಾಸ್ತ್ರಜ್ಞರಿಂದ ಪರೀಕ್ಷೆ ಮಾಡಿಸಿ. ಮಣಿಪಾಲ, ಮಂಗಳೂರಿನ ದೊಡ್ಡ ಆಸ್ಪತ್ರೆಗಳಲ್ಲಿ ಆಗುತ್ತದೆ. ಎರಡು ಮೂರು ಸಲ ಹೋಗಬೇಕಾದೀತು. ಕಣ್ಣು, ಕಿವಿಯನ್ನೂ ಮೊದಲು ನೋಡಿಸಿ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯಲ್ಲಿ ನಿರ್ದಿಷ್ಟ ಕಲಿಕಾ ನ್ಯೂನತೆಯೂ ಸೇರಿದೆ. ಪ್ರಮಾಣಪತ್ರ ಇದ್ದರೆ ಸಿಬಿಎಸ್‌ಇ, ರಾಜ್ಯ ಮಂಡಳಿ, ಎನ್‌ಐಒಎಸ್ ಎಲ್ಲರೂ ಪರೀಕ್ಷೆಯಲ್ಲಿ ಹೆಚ್ಚುವರಿ ಸಮಯ, ಅಗತ್ಯವಿದ್ದರೆ ಬರೆದುಕೊಡುವವರನ್ನು ಒದಗಿಸುತ್ತಾರೆ.

ಮತ್ತೆ ಒಂದು ಮಾತು ಕಠಿಣವಾಗಿ ಹೇಳುತ್ತೇನೆ, ಬೇಸರಿಸಬೇಡಿ. ಇದನ್ನು ತಿಳಿಯದೆ ಮನೆಗೆ ಕರೆತಂದಿದ್ದರೆ ಅದೇ ಕೈಗೆ ಅದೇ ಪೆನ್ಸಿಲು ಕೊಟ್ಟು "ಯಾಕೆ ಬರೆಯುವುದಿಲ್ಲ?" ಎಂದು ಕೇಳುವವರು ನೀವಾಗುತ್ತಿದ್ದಿರಿ. ಶಾಲೆಯಿಂದಾದರೆ ಸಂಜೆ ಐದಕ್ಕೆ ಓಡಿ ಬರಬಹುದು. ಅಮ್ಮನಿಂದ ಎಲ್ಲಿಗೆ ಓಡುವುದು?

ಕಾರ್ಕಳದ ನಿವೃತ್ತ ಮಾಸ್ಟರ್

ತುಳುವಿಗೆ ದಂಡ! ಮಾರಾಯರೇ, ಓದಿದಾಗಿನಿಂದ ಮನಸ್ಸು ಸರಿಯಿಲ್ಲ. ಕಾಯ್ದೆಯ 17ನೇ ಕಲಮು ದೈಹಿಕ ಶಿಕ್ಷೆಯ ಜೊತೆ ಮಾನಸಿಕ ಹಿಂಸೆಯನ್ನೂ ನಿಷೇಧಿಸುತ್ತದೆ. ಶಾಲೆಯ ಹೆಸರು ಇಲ್ಲಿ ಹಾಕಬೇಡಿ. ಮುಖ್ಯೋಪಾಧ್ಯಾಯರಿಗೆ ಒಂದು ಪತ್ರ ಬರೆದು ಸ್ವೀಕೃತಿಯ ಸಹಿ ಪಡೆಯಿರಿ. ಬಾಯಿಮಾತಿಗೆ ಕಚೇರಿಯಲ್ಲಿ ಬೆಲೆ ಇಲ್ಲ, ನಾನೇ ಅಲ್ಲಿ ಕುಳಿತಿದ್ದವನು.

ಸುರತ್ಕಲ್‌ನ ಹುಡುಗ

ನನಗೆ ಇಪ್ಪತ್ತು. ಏಳನೆಯದರಿಂದ ಹತ್ತರವರೆಗೆ ಮನೆಯಲ್ಲೇ ಕಲಿತವನು, ಆಮೇಲೆ ಪಿಯು, ಈಗ ಪದವಿ. ಇಲ್ಲಿ ಎಲ್ಲರೂ ಪೋಷಕರೇ ಮಾತನಾಡುತ್ತಿದ್ದೀರಿ, ಒಳಗಿದ್ದವನು ಒಂದಿಷ್ಟು ಹೇಳಲೇ?

ಬೆಳಿಗ್ಗೆ ಚೆನ್ನಾಗಿತ್ತು. ನಿಜವಾಗಿ ಚೆನ್ನಾಗಿತ್ತು. ಓದಿದ್ದು ನೆನಪಿದೆ, ಅದೇ ದೊಡ್ಡದು. ಕಷ್ಟವಾದದ್ದು ಸಂಜೆ ಐದು ಗಂಟೆ. ಗೇಟಿನ ಹತ್ತಿರ ವ್ಯಾನು ನಿಲ್ಲುತ್ತಿತ್ತು, ಅಕ್ಕಪಕ್ಕದ ಮನೆಯ ಮೂವರು ಇಳಿಯುತ್ತಿದ್ದರು. ಮೈದಾನಕ್ಕೆ ನಾನೂ ಹೋಗುತ್ತಿದ್ದೆ, ಬ್ಯಾಟಿಂಗೂ ಸಿಗುತ್ತಿತ್ತು. ಆದರೆ ಅವರು ಆ ದಿನ ತರಗತಿಯಲ್ಲಿ ನಡೆದದ್ದನ್ನು ಹೇಳಿ ನಗುವಾಗ ನಾನು ಸುಮ್ಮನೆ ಚೆಂಡು ಒರೆಸುತ್ತಾ ನಿಲ್ಲುತ್ತಿದ್ದೆ. ಯಾರೂ ಬೇಕೆಂದು ಹೊರಗೆ ಇಟ್ಟದ್ದಲ್ಲ.

ಮದುವೆ ಹಾಲಿನಲ್ಲಿ ಎಲ್ಲರದೂ ಒಂದೇ ಪ್ರಶ್ನೆ, "ಯಾವ ಶಾಲೆ ಮಗಾ?" ಅಂತ. ಶಾಲೆಗೆ ಹೋಗುವುದಿಲ್ಲ ಎಂದರೆ ಅಜ್ಜಿಯಂದಿರು ನನ್ನ ತಲೆ ಸವರಿ ಅಮ್ಮನ ಮುಖ ನೋಡುತ್ತಿದ್ದರು. ಕೊನೆಗೆ ನಾನು ಬಿಟ್ಟ ಶಾಲೆಯ ಹೆಸರನ್ನೇ ಹೇಳಲು ಕಲಿತೆ. ಸುಳ್ಳು, ಆದರೆ ಊಟ ಬೇಗ ಮುಗಿಯುತ್ತಿತ್ತು.

ಪಿಯುವಿನ ಮೊದಲ ಪರೀಕ್ಷೆಯಲ್ಲಿ ಮೂರು ಗಂಟೆ ಸತತ ಬರೆಯಲಾಗಲಿಲ್ಲ, ಉತ್ತರ ಗೊತ್ತಿದ್ದೂ ಇಪ್ಪತ್ತು ಅಂಕದಷ್ಟು ಬಿಟ್ಟುಬಂದೆ. ಗಂಟೆ ಹೊಡೆದ ಕೂಡಲೇ ಏಳುವುದಕ್ಕೂ ಎರಡು ತಿಂಗಳು ಬೇಕಾಯಿತು. ಪಾಠ ಇನ್ನೂ ಮುಗಿದಿಲ್ಲವಲ್ಲ ಎಂದು ನಾನು ಕುಳಿತೇ ಇರುತ್ತಿದ್ದೆ, ಎಲ್ಲರೂ ನಗುತ್ತಿದ್ದರು.

ಮತ್ತೆ ಅವಕಾಶ ಸಿಕ್ಕರೆ ಮನೆಯನ್ನೇ ಆರಿಸುತ್ತೇನೆ. ಆದರೆ ವಾರಕ್ಕೆ ನಾಲ್ಕು ದಿನ ಒಂದೇ ಮಕ್ಕಳ ಗುಂಪಿನೊಂದಿಗೆ ಏನಾದರೂ ಇರಬೇಕೆಂದು ಹಠ ಹಿಡಿಯುತ್ತೇನೆ. ಈಜು, ಚೆಂಡೆ, ವಾಲಿಬಾಲ್, ಏನಾದರೂ. ಅದೇ ಮಕ್ಕಳು, ಬೇರೆಬೇರೆ ಮಕ್ಕಳಲ್ಲ.

ಮೂಡುಬಿದಿರೆಯ ಉಪನ್ಯಾಸಕಿ

ಸಿಇಟಿಯ ಲೆಕ್ಕ ಯಾರೂ ಹೇಳಲಿಲ್ಲ. ಎಸ್‌ಎಸ್‌ಎಲ್‌ಸಿಯಲ್ಲಿ 2024ಕ್ಕೆ ಉಡುಪಿ ಮೊದಲು, ನಾವು ದಕ್ಷಿಣ ಕನ್ನಡದವರು ಎರಡನೆಯವರು, 2025ಕ್ಕೆ ಅದಲುಬದಲು ಎಂದು ಬೀಗುವ ಜಿಲ್ಲೆಗಳಲ್ಲಿ ಇದನ್ನು ಮರೆತದ್ದು ಆಶ್ಚರ್ಯ.

ವೃತ್ತಿಪರ ಕೋರ್ಸಿನ ಸರ್ಕಾರಿ ಸೀಟಿಗೆ ಸಾಮಾನ್ಯವಾಗಿ ಬಳಕೆಯಾಗುವ ಷರತ್ತು ಇದು: ಒಂದನೇ ತರಗತಿಯಿಂದ ದ್ವಿತೀಯ ಪಿಯುವರೆಗೆ ಕನಿಷ್ಠ ಏಳು ವರ್ಷ ಕರ್ನಾಟಕದ ಮಾನ್ಯತೆ ಪಡೆದ ಸಂಸ್ಥೆಗಳಲ್ಲಿ ಓದಿರಬೇಕು, ಮತ್ತು ಹತ್ತು ಅಥವಾ ಹನ್ನೆರಡನ್ನು ರಾಜ್ಯದಲ್ಲೇ ಪಾಸು ಮಾಡಿರಬೇಕು. ನಿಮ್ಮ ಮಗ ಆರು ವರ್ಷ ಮುಗಿಸಿದ್ದಾನೆ. ಪಿಯುವನ್ನು ಕಾಲೇಜಿನಲ್ಲೇ ಮಾಡಿದರೆ ಎಂಟಾಯಿತು, ಚಿಂತೆಯಿಲ್ಲ. ಹನ್ನೆರಡನ್ನೂ ಮುಕ್ತ ಶಾಲೆಯಲ್ಲೇ ಮಾಡಿದರೆ ಆರಕ್ಕೇ ನಿಂತಿತು. ಪೋಷಕರ ಓದಿನ ಆಧಾರದ ಮೇಲೆ ಬೇರೆ ಕಲಮುಗಳೂ ಇವೆ, ಆದರೆ ಅವುಗಳ ಷರತ್ತು ಬೇರೆ, ಅವನ್ನು ನೆಚ್ಚಿಕೊಂಡು ಕುಳಿತುಕೊಳ್ಳಬೇಡಿ. ಗ್ರಾಮೀಣ ಮೀಸಲಾತಿಗೂ ಕನ್ನಡ ಮಾಧ್ಯಮ ಮೀಸಲಾತಿಗೂ ಒಂದರಿಂದ ಹತ್ತರವರೆಗೆ ಪೂರ್ತಿ ಹತ್ತು ವರ್ಷ ಬೇಕು. ನಡುವೆ ಮನೆಗೆ ಬಂದವರಿಗೆ ಅವು ಹೋದಂತೆ. ಕುಂದಾಪುರದವರೇ, ನಿಮ್ಮ ಮಗನ ಶಾಲೆ ಹಳ್ಳಿಯಲ್ಲಿದ್ದರೆ ನೀವು ಮರಳಿ ಸೇರಿಸಿದ್ದು ಇನ್ನೊಂದು ಕಾರಣಕ್ಕೂ ಒಳ್ಳೆಯದಾಯಿತು.

ನೀಟ್‌ಗೆ ಮುಕ್ತ ಶಾಲೆಯವರು ಕೂರುವಂತಿಲ್ಲ ಎಂಬ ಹಳೆಯ ಮಾತು ಈಗಲೂ ಓಡಾಡುತ್ತಿದೆ. ಆ ಅಡ್ಡಿ ತೆರವಾಗಿದೆ.

ಬ್ರಹ್ಮಾವರದ ಅಂಗಡಿಯವ

ಹುಡುಗನಿಗೆ ಇನ್ನೂ ಹನ್ನೆರಡು. ನೀಟ್‌ವರೆಗೆ ಹೋದಿರಲ್ಲ ಮೇಡಂ. ನಮ್ಮ ಜಿಲ್ಲೆಯಲ್ಲಿ ಹೊಟ್ಟೆನೋವು ಬರುವುದು ಇದಕ್ಕೇ.

ಮೂಡುಬಿದಿರೆಯ ಉಪನ್ಯಾಸಕಿ

ಒಪ್ಪಿದೆ. ಆದರೆ ಗೊತ್ತಿದ್ದು ಬಿಡುವುದು ಬೇರೆ, ಗೊತ್ತಿಲ್ಲದೆ ಕಳೆದುಕೊಳ್ಳುವುದು ಬೇರೆ.

ಬಿಜೈಯ ಓದುಗ

ಇದೆಲ್ಲ ಉಳ್ಳವರ ಆಟ. ಒಬ್ಬರ ಸಂಬಳದಲ್ಲಿ ಮನೆ ನಡೆಯುವವರಿಗೆ, ಕಲಿಸಲು ಬಿಡುವಿರುವವರಿಗೆ. ಮೀನು ಮಾರುವ ಹೆಂಗಸಿನ ಮಗನಿಗೂ ಸೋಮವಾರ ಹೊಟ್ಟೆ ನೋಯುತ್ತದೆ, ಅವನಿಗೆ ಯಾರಿದ್ದಾರೆ?

ಕದ್ರಿಯ ಅಪ್ಪ

ಸತ್ಯ. ನಮ್ಮಲ್ಲಿ ಹಾಗೆಯೇ ಆದದ್ದು, ಹೆಂಡತಿಯ ಬ್ಯಾಂಕ್ ಸಂಬಳ ಇಲ್ಲದಿದ್ದರೆ ನನ್ನ ಹಂಚಿನ ಪುರಾಣ ಇರುತ್ತಿರಲಿಲ್ಲ. ಇದಕ್ಕೆ ನನ್ನ ಬಳಿ ಸಮಜಾಯಿಷಿ ಇಲ್ಲ.

ಕಟಪಾಡಿಯ ತಾಯಿ (ಆಗಸ್ಟ್ 9)

ಒಂದು ತಿಂಗಳ ಮೇಲೆ ಬರೆಯುತ್ತಿದ್ದೇನೆ. ಪರೀಕ್ಷೆ ಮುಗಿಯಿತು, ಮೂರು ಸಲ ಹೋದೆವು. ಬರವಣಿಗೆಯ ತೊಡಕು ಇದೆ ಎಂದರು. ಓದುವುದರಲ್ಲಿ, ತಿಳಿದುಕೊಳ್ಳುವುದರಲ್ಲಿ ಏನೂ ಕೊರತೆಯಿಲ್ಲ. ವರದಿ ಕೇಳಿ ನಾನು ಅತ್ತುಬಿಟ್ಟೆ, ಅವನು ಅಳಲಿಲ್ಲ. ಹೊರಗೆ ಬಂದು "ನಾಟಕ ಅಲ್ಲ ಎಂದು ಬರೆದು ಕೊಟ್ಟಿದ್ದಾರಾ?" ಎಂದು ಕೇಳಿದ.

ಮಾಸ್ಟ್ರು ಹೇಳಿದಂತೆ ಪತ್ರ ಕೊಟ್ಟು ಸಹಿ ಪಡೆದೆ. ತುಳುವಿನ ದಂಡ ನಿಂತಿದೆ. ಹೆಸರು ಬರೆಯುತ್ತಿದ್ದ ಬೋರ್ಡಿನ ಮೂಲೆಯಲ್ಲಿ ಈಗ ದಿನದ ಸುಭಾಷಿತ ಇದೆಯಂತೆ. ಬರವಣಿಗೆಯ ವಿಷಯಕ್ಕೆ ಮಾತ್ರ "ಒಬ್ಬನಿಗಾಗಿ ಬೇರೆ ವ್ಯವಸ್ಥೆ ಮಾಡಲು ನಮ್ಮಲ್ಲಿ ಆಗುವುದಿಲ್ಲ, ನೀವು ಯೋಚನೆ ಮಾಡಿ" ಎಂದರು. ಯೋಚನೆ ಮಾಡಿ ಎಂದರೆ ಏನೆಂದು ಗೊತ್ತಲ್ಲ.

ಕೆಲಸ ಬಿಡುವುದಿಲ್ಲ. ಸಂಬಳವಿಲ್ಲದ ರಜೆ ಕೇಳಿದ್ದೇನೆ, ದಸರೆಯಿಂದ ಆರು ತಿಂಗಳು, ಕಾರ್ಯದರ್ಶಿಯವರು ಗೊಣಗುತ್ತಾ ಒಪ್ಪಿದ್ದಾರೆ. ಆ ಆರು ತಿಂಗಳು ಮನೆಯಲ್ಲಿ. ನಮ್ಮ ಮನೆಯಿಂದ ನಡೆದು ಹೋಗುವಷ್ಟು ದೂರದಲ್ಲಿ ಒಂದು ಅನುದಾನಿತ ಶಾಲೆ ಇದೆ. ಅಲ್ಲಿಯ ಮುಖ್ಯ ಶಿಕ್ಷಕಿಯ ಬಳಿ ವರದಿ ಇಟ್ಟು ಮಾತನಾಡಿದೆ. ಓದಿ ಮುಗಿಸಿ, "ಜೂನ್‌ನಲ್ಲಿ ಎಂಟನೆಯದಕ್ಕೆ ಕರೆದುಕೊಂಡು ಬನ್ನಿ, ಬಾಯಲ್ಲಿ ಕೇಳಿಕೊಳ್ಳುತ್ತೇವೆ" ಎಂದರು. ಆಗ ಹೋಗುವುದೋ ಮನೆಯಲ್ಲೇ ಮುಂದುವರಿಯುವುದೋ, ಅವನೇ ಹೇಳಲಿ. ಟೈಪಿಂಗ್ ಕಲಿಯಲು ಶುರುಮಾಡಿದ್ದಾನೆ, ಕನ್ನಡದಲ್ಲಿ ಒತ್ತಕ್ಷರಕ್ಕೆ ತಡವರಿಸುತ್ತಾನೆ. ಸುರತ್ಕಲ್‌ನ ತಮ್ಮನ ಮಾತು ಕೇಳಿ ಅಜ್ಜರಕಾಡಿನಲ್ಲಿ ಈಜಿಗೆ ಹೆಸರು ಕೊಟ್ಟಿದ್ದೇವೆ.

ಕುಂದಾಪುರದ ಅಣ್ಣ, ಹನ್ನೊಂದು ಗಂಟೆಯ ನಿಮ್ಮ ಪ್ರಶ್ನೆಗೆ ಉತ್ತರ ಸಿಕ್ಕಿತು. ಅತ್ತೆಗೆ ಕಣ್ಣಿನ ಪೊರೆ, ಪತ್ರಿಕೆ ಓದಲಾಗುವುದಿಲ್ಲ. ಹನ್ನೊಂದರಿಂದ ಹನ್ನೆರಡು ಅವನು ಅವರಿಗೆ ಪತ್ರಿಕೆ ಓದಬೇಕು, ಮರಣವಾರ್ತೆ ಮೊದಲು. ಕಳೆದ ನಾಲ್ಕು ಭಾನುವಾರ ಅಭ್ಯಾಸ ನಡೆದಿದೆ. ನಡುವೆ ತಪ್ಪು ಓದಿದರೆ ಅವರೂ ದಂಡ ಹಾಕುತ್ತಾರಂತೆ, ಒಂದು ಕಡಲೆಮಿಠಾಯಿ.

ಕುಂದಾಪುರದ ಕೃಷಿಕ

ರಜೆ ತೆಗೆದುಕೊಂಡದ್ದು ಒಳ್ಳೆಯದು. ಜ್ವರ ಬಂದರೆ ಹೇಳಿ, ನನ್ನ ಹೆಂಡತಿಯ ತಂಗಿಯ ಮನೆ ನಿಮ್ಮ ಪಕ್ಕದ ಊರು.

ಕಾರ್ಕಳದ ನಿವೃತ್ತ ಮಾಸ್ಟರ್

ಟಿಸಿ ಅರ್ಜಿಯಲ್ಲಿ ಕಾರಣ ಎಂದು ಕೇಳಿದ ಕಡೆ ಪುರಾಣ ಬರೆಯಬೇಡಿ. ಪೋಷಕರ ಕೋರಿಕೆ, ಅಷ್ಟು ಸಾಕು. ಎಸ್‌ಎಟಿಎಸ್ ಸಂಖ್ಯೆಯನ್ನು ಎರಡು ಕಡೆ ಬರೆದಿಡಿ. ಜೂನ್‌ನಲ್ಲಿ ಅದನ್ನೇ ಕೇಳುತ್ತಾರೆ.

ಕದ್ರಿಯ ಅಪ್ಪ

ಮುಂದಿನ ಶನಿವಾರ ನಾವು ನಾಲ್ಕು ಮನೆಯವರು ಮಕ್ಕಳನ್ನು ಕರೆದುಕೊಂಡು ಪಿಲಿಕುಳಕ್ಕೆ ಹೋಗುತ್ತಿದ್ದೇವೆ, ವಿಜ್ಞಾನ ಕೇಂದ್ರ ಮತ್ತು ತಾರಾಲಯ. ಮಗನನ್ನು ಕರೆತನ್ನಿ. ಕಟಪಾಡಿಯಿಂದ ಎಕ್ಸ್‌ಪ್ರೆಸ್ ಬಸ್ಸು ಹಿಡಿದು ಕೊಟ್ಟಾರ ಚೌಕಿಯಲ್ಲಿ ಇಳಿದರೆ ನಾನು ಕಾರಿನಲ್ಲಿ ಬಂದು ಕರೆದುಕೊಳ್ಳುತ್ತೇನೆ. ಮಗಳು ಮಳೆಮಾಪಕಕ್ಕೆ ಇನ್ನೊಂದು ಬಾಟಲಿ ಕತ್ತರಿಸಿಟ್ಟಿದ್ದಾಳೆ. ಕಟಪಾಡಿಯಲ್ಲಿಯೂ ಒಬ್ಬರು ಅಳೆದರೆ ಎರಡೂ ಕಡೆಯದನ್ನು ಹೋಲಿಸಬಹುದು ಎಂದು ಅವಳ ಲೆಕ್ಕ. ಸಂಖ್ಯೆ ಮಾತ್ರ ಬರೆಯುವುದು, ವಾಕ್ಯ ಬೇಡ.

ಕಟಪಾಡಿಯ ತಾಯಿ

ಬರುತ್ತೇವೆ. ಡಿಸಿ ರಜೆ ಕೊಟ್ಟ ದಿನವೂ ಅಳೆಯಬೇಕಾ ಎಂದು ಕೇಳುತ್ತಿದ್ದಾನೆ.

ಕದ್ರಿಯ ಅಪ್ಪ

ಅವತ್ತು ಎರಡು ಸಲ ಅಳೆಯಬೇಕು. ಬಾಟಲಿ ತುಂಬಿ ಹರಿದುಬಿಡುತ್ತದೆ.